ಕಾಗ್ಬೇನಿಯಲ್ಲಿ ನಾಲ್ಕು ಪರ್ಸೆಂಟ್

ಕಠ್ಮಂಡು

ನೇಪಾಳಕ್ಕೆ ಹೋಗಬೇಕೆಂದು ನಾನು ಕನಸು ಕಂಡವಳಲ್ಲ. ಹೊಸದುರ್ಗದ ಒಂದು ಓಣಿಯಲ್ಲಿ ಬ್ಲೌಸ್ ಹೊಲಿಯುವವಳು ನಾನು. ಹಿರಿಯೂರಿನ ಜಯಕ್ಕ ನನ್ನ ಹಳೆಯ ಗಿರಾಕಿ. ಮುಕ್ತಿನಾಥ ಯಾತ್ರೆಗೆ ಅವರೂ ಅವರ ತಂಗಿಯೂ ಹೆಸರು ಕೊಟ್ಟಿದ್ದರು. ತಂಗಿಗೆ ಮೊಣಕಾಲು ನೋವು ಬಂದು ಒಂದು ಸೀಟು ಖಾಲಿಯಾಯಿತು. ಯಾತ್ರೆಗೆಂದು ಹೊಲಿಸಿದ ಉದ್ದ ತೋಳಿನ ಬ್ಲೌಸು ತೆಗೆದುಕೊಂಡು ಹೋಗಲು ಬಂದ ಜಯಕ್ಕ, "ನೀನೇ ಬಾರೇ, ಮಿಷನ್ ಎಲ್ಲೂ ಓಡಿ ಹೋಗಲ್ಲ" ಎಂದರು. ಹೀಗೆ ಇನ್ನೊಬ್ಬರ ಮೊಣಕಾಲಿನ ದಯೆಯಿಂದ ನಾನು ವಿದೇಶ ಕಂಡೆ.

ಚಿತ್ರದುರ್ಗ, ಹಿರಿಯೂರು, ಹೊಳಲ್ಕೆರೆ ಕಡೆಯ ಹದಿನೆಂಟು ಜನ ನಾವು. ಮೊದಲ ಎಡವಟ್ಟು ಬೆಂಗಳೂರಿನ ವಿಮಾನ ನಿಲ್ದಾಣದಲ್ಲೇ ಆಯಿತು. ಪವರ್ ಬ್ಯಾಂಕನ್ನು ದೊಡ್ಡ ಬ್ಯಾಗಿನಲ್ಲಿ ಸೀರೆಗಳ ನಡುವೆ ಭದ್ರವಾಗಿ ಸುತ್ತಿಟ್ಟಿದ್ದೆ. ಅದು ಕೈಚೀಲದಲ್ಲಿ ಇರಬೇಕಂತೆ. ನನ್ನನ್ನು ಹೆಸರು ಹಿಡಿದು ಕರೆಸಿ, ನನ್ನ ಕಣ್ಣ ಮುಂದೆಯೇ ಅದನ್ನು ತೆಗೆದು ಒಂದು ಡಬ್ಬಕ್ಕೆ ಹಾಕಿದರು. ಆಗ ಅದೊಂದು ದೊಡ್ಡ ನಷ್ಟ ಎಂದು ನನಗೆ ಅನ್ನಿಸಲಿಲ್ಲ.

ಕಠ್ಮಂಡುವಿನಲ್ಲಿ ನಾನು ದೇವಸ್ಥಾನಕ್ಕಿಂತ ಹೆಚ್ಚಾಗಿ ಜನರ ಅಂಗಿಗಳನ್ನು ನೋಡಿದೆ. ವಯಸ್ಸಾದ ಗಂಡಸರು ಗುಂಡಿಯೇ ಇಲ್ಲದ, ಪಕ್ಕಕ್ಕೆ ಲಾಡಿ ಕಟ್ಟುವ ನಿಲುವಂಗಿ ತೊಡುತ್ತಾರೆ. ಕಾಜ ಹೊಲಿಯುವ ಗೋಜೇ ಇಲ್ಲ. ಇಂಥ ಊರಿನಲ್ಲಿ ಹುಟ್ಟಿದ್ದರೆ ನನ್ನ ಕಣ್ಣು ಇನ್ನೂ ಹತ್ತು ವರ್ಷ ಜಾಸ್ತಿ ಬಾಳುತ್ತಿತ್ತು. ಎದುರಿಗೆ ಸಿಕ್ಕವರೆಲ್ಲ "ಅನ್ನ ಉಂಡಿರಾ?" ಎಂದೇ ಮಾತು ಶುರು ಮಾಡುತ್ತಾರೆ ಎಂದು ನಮ್ಮ ಬಸ್ಸಿನ ಮಾರ್ಗದರ್ಶಿ ಹೇಳಿದ. ಆ ಒಂದು ಮಾತಿಗೆ ನನಗೆ ಊರು ಹತ್ತಿರವಾಯಿತು.

ಸಂಜೆ ನಾನು ವಿಡಿಯೋ ಕಾಲ್ ಮಾಡಲು ಕೂತರೆ ಜಯಕ್ಕ ತಕ್ಷಣ ಬುದ್ಧಿ ಹೇಳಿದರು. "ಆ ಚಿತ್ರ ಆಫ್ ಮಾಡಿ ಬರೀ ಮಾತಾಡೇ. ಚಾರ್ಜ್ ಉಳೀತೈತೆ."

ಈ ಉಪಾಯವನ್ನು ನನಗೆ ಹೇಳದವರಿಲ್ಲ. ಆದರೆ ನನ್ನ ತಮ್ಮ ತಿಪ್ಪೇಶನಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ, ಮಾತೂ ಇಲ್ಲ. ಓದು ಎರಡನೇ ಕ್ಲಾಸಿಗೇ ನಿಂತಿದ್ದರಿಂದ ಮೆಸೇಜ್ ಕಳಿಸಿದರೂ ಉಪಯೋಗವಿಲ್ಲ. ತನ್ನ ಹೆಸರು, ಬಸ್ಸಿನ ಬೋರ್ಡು, ಇಷ್ಟು ಓದುತ್ತಾನೆ. ಅವನ ಮಾತೆಲ್ಲ ಕೈಯಲ್ಲಿ. ಆ ಕೈಮಾತನ್ನು ಯಾವ ಶಾಲೆಯೂ ಕಲಿಸಿದ್ದಲ್ಲ. ಬಾಗೂರಿನ ನಮ್ಮ ಹಟ್ಟಿಯಲ್ಲಿ ನಾನೂ ಅವನೂ ಕೂಡಿ ಒಂದೊಂದಾಗಿ ಮಾಡಿಕೊಂಡದ್ದು. ಮೂಗುತಿ ಮುಟ್ಟಿದರೆ ಅವ್ವ. ಮೀಸೆ ತಿರುವಿದರೆ ದೊಡ್ಡಪ್ಪ. ಎರಡು ಬೆರಳು ಕತ್ತರಿಯ ಹಾಗೆ ಆಡಿಸಿದರೆ ನಾನು. ನಮ್ಮಿಬ್ಬರ ನಡುವೆ ಚಿತ್ರ ಆಫ್ ಮಾಡುವುದೆಂದರೆ ಬಾಯಿಗೆ ಬಟ್ಟೆ ತುರುಕಿದ ಹಾಗೆ.

ಹೊರಡುವ ಮೊದಲು ಮೊಬೈಲ್ ರಿಪೇರಿಯ ಫಯಾಜಣ್ಣನ ಹತ್ತಿರ ಹೋಗಿದ್ದೆ. ಅವರು ಫೋನನ್ನು ತಿರುಗಿಸಿ ಮುರುಗಿಸಿ ನೋಡಿ ನಿಟ್ಟುಸಿರು ಬಿಟ್ಟರು. "ಬ್ಯಾಟರಿಗೆ ವಯಸ್ಸಾಗೈತೆ ಅಕ್ಕ. ಆದ್ರೆ ನಿಮ್ ಪರದೆ ಒಳ್ಳೇ ಜಾತಿದು. ಚಿತ್ರದಾಗೆ ಕಪ್ಪು ಇದ್ ಕಡೆ ಅದು ಉರಿಯೋದೇ ಇಲ್ಲ. ಎದುರಿಗಿರೋರ ಹಿಂದೆ ಕಪ್ ಬಟ್ಟೆ ಇದ್ರೆ ನಿಮ್ ಚಾರ್ಜ್ ಉಳೀತೈತೆ. ಬೆಳ್ಳಗಿದ್ರೆ ಕುಡ್ದು ಬಿಡುತ್ತೆ." ನಮ್ಮ ಮನೆಯಲ್ಲಿ ಕಪ್ಪು ಬಟ್ಟೆಗೆ ಬರವೇ? ಕುರಿ ಸಾಕುವ ಮನೆ. ಅವತ್ತೇ ಬಾಗೂರಿಗೆ ಹೋಗಿ, ತಿಪ್ಪೇಶ ಕೂರುವ ಜಾಗದ ಹಿಂದೆ ಒಂದು ಕರಿ ಕಂಬಳಿಯನ್ನು ಗೋಡೆಗೆ ಮೊಳೆ ಹೊಡೆದು ತೂಗುಹಾಕಿ ಬಂದಿದ್ದೆ. ಕಂಬಳಿಯ ಮುಂದೆ ಅವನ ಎರಡು ಕೈ ಎಷ್ಟು ಚೆನ್ನಾಗಿ ಕಾಣುತ್ತಿದ್ದವೆಂದರೆ, ಇಷ್ಟು ವರ್ಷ ಯಾಕೆ ಹೀಗೆ ಮಾಡಲಿಲ್ಲ ಅನ್ನಿಸಿತು.

ಪೋಖರಾ

ಪೋಖರಾದಲ್ಲಿ ಕೆರೆ ಇದೆ, ಕೆರೆಯ ಮೇಲೆ ಹಿಮದ ಬೆಟ್ಟ ಇದೆ, ಅದು ಮೋಡದೊಳಗೆ ಇದೆ. ಎರಡು ದಿನವೂ ನಮಗೆ ಮುಖ ತೋರಿಸಲಿಲ್ಲ. ಜಯಕ್ಕನಿಗೆ ಸಿಟ್ಟು ಬಂತು. "ನಮ್ ಚಿತ್ರದುರ್ಗದ ಬೆಟ್ಟ ಯಾವತ್ತು ಹೋದ್ರೂ ಅಲ್ಲೇ ಇರ್ತೈತೆ" ಎಂದು ಬೆಟ್ಟದ ಕಡೆ ನೋಡಿಯೇ ಹೇಳಿದರು.

ಕೆರೆಯ ದಂಡೆಯಲ್ಲಿ ಇದ್ದಾಗ ಊರಿನಿಂದ ಕಾಲ್ ಬಂತು. ದೊಡ್ಡಪ್ಪ. ಅವರು ಫೋನನ್ನು ಗಲ್ಲದ ಕೆಳಗೆ ಹಿಡಿಯುವುದರಿಂದ ನನಗೆ ಕಂಡದ್ದು ಮೀಸೆ ಮಾತ್ರ.

"ಏನವ್ವ, ಹೊಳಲ್ಕೆರೆ ಕಡೆಯೋರು ಗುರುವಾರವೇ ಬರ್ತಾರಂತೆ."

ತಿಪ್ಪೇಶನಿಗೆ ಒಂದು ಸಂಬಂಧ ನೋಡಿದ್ದರು. ಹುಡುಗಿಯ ಹೆಸರು ಸುಮಾ, ಪಿಯುಸಿ ಓದಿದವಳು, ಅಂಗನವಾಡಿಯಲ್ಲಿ ಕೆಲಸ. ನಾನು ಬಂದ ಮೇಲೆ ಮನೆ ನೋಡಲು ಬರುವುದೆಂದು ಮಾತಾಗಿತ್ತು. ಆದರೆ ಹುಡುಗಿಯ ಸೋದರಮಾವ ಕುರಿ ಹೊಡೆದುಕೊಂಡು ಭತ್ತದ ಸೀಮೆಯ ಕಡೆ ಮೇವಿಗೆ ಹೊರಟಿದ್ದಾನಂತೆ. ಅವನು ಹೋದರೆ ತಿಂಗಳುಗಟ್ಟಲೆ ಬರುವುದಿಲ್ಲ, ಸೋದರಮಾವನಿಲ್ಲದೆ ಮಾತುಕತೆ ಇಲ್ಲ. ಹಾಗಾಗಿ ಗುರುವಾರ.

"ನಾನಿಲ್ದೆ ಹೆಂಗೆ ದೊಡ್ಡಪ್ಪ?"

"ಫೋನ್ನಾಗೆ ಇರ್ತೀಯಲ್ಲ. ಇನ್ನೊಂದ್ ಇಚಿತ್ರ ಕೇಳು, ಹುಡುಗೀನೂ ಬರ್ತಾಳಂತೆ."

ಮನೆ ನೋಡಲು ಬರುವವರು ಹಿರಿಯರು, ಹುಡುಗಿ ಬರುವ ರೂಢಿ ನಮ್ಮಲ್ಲಿಲ್ಲ. ದೊಡ್ಡಪ್ಪನ ಮೀಸೆ ಅಲ್ಲಾಡಿದ ರೀತಿಯಲ್ಲೇ ಅವರಿಗೆ ಅದು ಎಷ್ಟು ಇಷ್ಟವಾಗಿಲ್ಲ ಎಂದು ಗೊತ್ತಾಯಿತು. ನನಗೆ ಮಾತ್ರ ಆ ಹುಡುಗಿ ಅಲ್ಲಿಂದಲೇ ಹಿಡಿಸಿದಳು.

ಆದರೆ ಹೆದರಿಕೆಯೂ ಆಯಿತು. ನಾನಿಲ್ಲದಿದ್ದರೆ ತಿಪ್ಪೇಶನ ಪರವಾಗಿ ದೊಡ್ಡಪ್ಪ "ಹೂಂ" ಅಂದುಬಿಡುತ್ತಾರೆ. ಅವನ ಮದುವೆ, ಅವನ ಒಪ್ಪಿಗೆ, ಅದು ಅವನ ಕೈಯಿಂದಲೇ ಬರಬೇಕು. ಅದನ್ನು ಹೇಳಲು ಬರುವವಳು ನಾನೊಬ್ಬಳೇ.

ಇಷ್ಟು ಬರೆದ ಮೇಲೆ ಒಂದು ವಿಷಯ ಬಚ್ಚಿಡುವುದು ಸರಿಯಲ್ಲ. ನಾನೂ ಅವನ ಮಾತನ್ನು ಯಾವಾಗಲೂ ಪೂರ್ತಿ ಹೇಳಿದವಳಲ್ಲ. ಚಿಕ್ಕವನಿದ್ದಾಗ ಅವನನ್ನು ಕಿವುಡ ಮಕ್ಕಳ ಹಾಸ್ಟೆಲ್ ಶಾಲೆಗೆ ಹಾಕಿದ್ದರು. ಮೊದಲ ವರ್ಷ ಬರೀ ಅತ್ತು ಕಳೆದನಂತೆ. ಎರಡನೇ ವರ್ಷದ ರಜೆಗೆ ಬಂದವನನ್ನು, ಆಗಿನ್ನೂ ಬದುಕಿದ್ದ ಅಪ್ಪ ಕೇಳಿದ, ವಾಪಸ್ ಹೋಗ್ತೀಯಾ ಎಂದು. ತಿಪ್ಪೇಶ ಕೈಯಾಡಿಸಿದ: ಅಲ್ಲಿ ಚಳಿ, ಅನ್ನ ಚೆನ್ನಾಗಿಲ್ಲ, ಆದರೂ ಹೋಗುತ್ತೇನೆ. ನಾನು ಅಪ್ಪನಿಗೆ ಚಳಿ ಮತ್ತು ಅನ್ನದ ಮಾತು ಹೇಳಿ ಸುಮ್ಮನಾದೆ. ಅವನನ್ನು ಬಿಟ್ಟಿರಲು ನನಗೇ ಆಗುತ್ತಿರಲಿಲ್ಲ. ಅಪ್ಪ ಕಳಿಸಲಿಲ್ಲ. ತಿಪ್ಪೇಶ ನನ್ನ ಮುಖವನ್ನೇ ನೋಡುತ್ತಿದ್ದ. ಅವನಿಗೆ ಮುಖ ಓದಲು ಬರುತ್ತದೆ. ಆಮೇಲೆ ಒಂದು ದಿನವೂ ಅವನು ಅದನ್ನು ಎತ್ತಿ ಆಡಲಿಲ್ಲ.

ಕಾಗ್ಬೇನಿ, ಬುಧವಾರ

ಕಾಗ್ಬೇನಿ ಎಂಬ ಊರನ್ನು ನೋಡಿ ನಾನು ನಕ್ಕುಬಿಟ್ಟೆ. ಇಷ್ಟು ದೂರ ಬಂದು ನೋಡಿದರೆ ಮಣ್ಣಿನ ಗೋಡೆ, ಮಟ್ಟಸ ಮಣ್ಣಿನ ಚಾವಣಿ, ನಮ್ಮ ಕಡೆಯ ಮಾಳಿಗೆ ಮನೆಗಳೇ. ಮಾಳಿಗೆಯ ಅಂಚಿಗೆ ಸೌದೆ ಒಟ್ಟಿದ್ದಾರೆ. ಬೋಳು ಬೆಟ್ಟ, ಮೇಕೆ, ಧೂಳು. ಗಾಳಿ ಮಾತ್ರ ನಮ್ಮದಲ್ಲ. ಮಧ್ಯಾಹ್ನ ಆಗುತ್ತಿದ್ದಂತೆ ನದಿಯ ಕಣಿವೆಯಿಂದ ನುಗ್ಗುವ ಗಾಳಿಗೆ ಜಯಕ್ಕನ ಸೆರಗು ಸಿಕ್ಕಿ, ಅವರು ಒಂದು ಸುತ್ತು ತಿರುಗಿ ನಿಂತರು.

ನಾವು ಉಳಿದ ಮನೆಯ ಒಡತಿಯನ್ನು ಎಲ್ಲರೂ ದೀದೀ ಎನ್ನುತ್ತಿದ್ದರು. ನನಗೆ ಹಿಂದಿ ಬರುವುದಿಲ್ಲ. ಜಯಕ್ಕನಿಗೆ ಧಾರಾವಾಹಿ ನೋಡಿ ಬಂದ ಹಿಂದಿ ಇದೆ. ನನಗೆ ಕುಡಿಯಲು ಬಿಸಿನೀರು ಬೇಕಿತ್ತು, ಹೇಳಿ ಎಂದೆ. ಜಯಕ್ಕ ಏನೋ ಹೇಳಿದರು. ಚಹ ಬಂತು.

"ನಾನು ನೀರ್ ಕೇಳಿದ್ದು ಜಯಕ್ಕ."

"ಈ ಚಳೀಗೆ ಚಾನೇ ಒಳ್ಳೇದು, ಕುಡಿ."

ರಾತ್ರಿಯ ಊಟಕ್ಕೆ ಅನ್ನ ಸ್ವಲ್ಪ ಸಾಕು ಎಂದರೆ ಗುಡ್ಡೆ ಅನ್ನ ಬಂತು. "ನೀನು ಸೊರಗಿದೀಯ ಅಂತ ನಾನೇ ಹೇಳ್ದೆ." ಜಯಕ್ಕ ಮಾಡಿದ್ದೆಲ್ಲ ಪ್ರೀತಿಯಿಂದಲೇ. ಆದರೂ ನನಗೆ ಅಳು ಬರುವಷ್ಟು ಸಿಟ್ಟು ಬಂತು. ನನ್ನ ಬಾಯಿ ನನ್ನದಲ್ಲ ಅನ್ನಿಸಿತು. ಹಾಗೆ ಅನ್ನಿಸಿದ ಗಳಿಗೆಯಲ್ಲೇ ತಿಪ್ಪೇಶ ನೆನಪಾಗಿ, ಗುಡ್ಡೆ ಅನ್ನವನ್ನು ಒಂದಗುಳೂ ಬಿಡದೆ ಉಂಡೆ.

ಆ ಸಂಜೆಯೇ ಗಾಳಿಗೆ ಎಲ್ಲೋ ಲೈನ್ ಬಿದ್ದು ಕರೆಂಟು ಹೋಗಿತ್ತು. ದೀದೀಯ ಮನೆಯಲ್ಲಿ ಒಂದು ಸೋಲಾರ್ ದೀಪ ಇತ್ತು, ಅದರಲ್ಲಿ ಫೋನಿಗೆ ಚಾರ್ಜ್ ಹಾಕುವ ಜಾಗವಿಲ್ಲ. ದೀದೀಯದು ಬಟನ್ ಫೋನು. ಜಯಕ್ಕ ತಮ್ಮ ಪವರ್ ಬ್ಯಾಂಕನ್ನು ದಾರಿಯುದ್ದಕ್ಕೂ ಭಜನೆ ಕೇಳಿ ಮುಗಿಸಿದ್ದರು. ಉಳಿದವರ ಪವರ್ ಬ್ಯಾಂಕುಗಳೂ ದಾರಿಯಲ್ಲೇ ಖಾಲಿಯಾಗಿದ್ದವು. ನನ್ನ ಫೋನಿನಲ್ಲಿ ಮೂವತ್ತನಾಲ್ಕು ಪರ್ಸೆಂಟ್ ಇತ್ತು.

ಕಾಗ್ಬೇನಿ, ಗುರುವಾರ

ಬೆಳಗ್ಗೆ ಎಲ್ಲರೂ ಜೀಪು ಹತ್ತಿ ಮುಕ್ತಿನಾಥಕ್ಕೆ ಹೊರಟರು. ನಾನು ಬರುವುದಿಲ್ಲ ಎಂದೆ. ಅಷ್ಟು ಎತ್ತರದಲ್ಲಿ ಸಿಗ್ನಲ್ ಸಿಗುತ್ತದೋ ಇಲ್ಲವೋ, ಚಳಿಗೆ ಬ್ಯಾಟರಿ ಇನ್ನೂ ಬೇಗ ಇಳಿಯುತ್ತದಂತೆ. ಜಯಕ್ಕ ಗಾಬರಿಯಾದರು. "ದೇವ್ರ ಬಾಗ್ಲಿಗೆ ಬಂದು ಹಿಂಗೆ ಮಾಡ್ತಾರೇನೇ?" ಎಂದರು. ಆಮೇಲೆ ನನ್ನ ಮುಖ ನೋಡಿ, "ಆಯ್ತು, ನಿನ್ ಹೆಸರಾಗೂ ಮೀಯ್ತೀನಿ ಬಿಡು" ಎಂದು ಜೀಪು ಹತ್ತಿದರು. ಅಲ್ಲಿ ನೂರೆಂಟು ಧಾರೆಗಳಿವೆ. ಅವರು ಎರಡೆರಡು ಸಲ ಮಿಂದು ಮೂರು ದಿನ ನೆಗಡಿ ಹಿಡಿದು ಸೀನಿದರು.

ಫೋನು ನೋಡಿದರೆ ಏನೂ ಮಾಡದೆಯೇ ಇಪ್ಪತ್ತಾರಕ್ಕೆ ಇಳಿದಿತ್ತು. ನಾನು ಅದನ್ನು ದೀದೀಗೆ ತೋರಿಸಿದೆ. ಭಾಷೆ ಇಲ್ಲ, ಜಯಕ್ಕನೂ ಇಲ್ಲ. ಕೈಯಲ್ಲೇ ಹೇಳಿದೆ: ನನ್ನ ತಮ್ಮ, ಕಿವಿ ಇಲ್ಲ, ಮಾತು ಇಲ್ಲ, ಇವತ್ತು ಹೆಣ್ಣಿನ ಕಡೆಯವರು, ಇದು ಸಾಯುತ್ತಿದೆ. ದೀದೀ ಒಂದು ಗಳಿಗೆ ನೋಡಿದಳು. ನನ್ನ ಕೈಯಿಂದ ಫೋನು ತೆಗೆದು, ಕಂಕುಳಿಗೆ ಇಟ್ಟುಕೋ ಎಂದು ಮಾಡಿ ತೋರಿಸಿದಳು. ಒಲೆಯ ಪಕ್ಕ ಕೂರಿಸಿದಳು. ಆಮೇಲೆ ಲೋಟದಲ್ಲಿ ತಂದಿಟ್ಟದ್ದು ಬಿಸಿನೀರು.

ಅವರು ಬರುವುದು ಹನ್ನೊಂದಕ್ಕೆ. ಸರಿಯಾಗಿ ಹನ್ನೊಂದಕ್ಕೆ ಕಾಲ್ ಮಾಡಿದೆ. ಅವ್ವ ಇನ್ನೂ ಅಂಗಳ ಗುಡಿಸುತ್ತಿದ್ದಳು. ನೇಪಾಳದ ಗಡಿಯಾರ ನಮ್ಮದಕ್ಕಿಂತ ಕಾಲು ಗಂಟೆ ಮುಂದೆ ಎಂಬುದು ನನಗೆ ಮರೆತೇ ಹೋಗಿತ್ತು. ಕಾಲು ಗಂಟೆ ಎಂಥ ಲೆಕ್ಕವೋ, ಒಂದು ಗಂಟೆಯಾದರೂ ಇಟ್ಟಿದ್ದರೆ ನೆನಪಿರುತ್ತಿತ್ತು. ಮೂರು ಪರ್ಸೆಂಟ್ ಅಲ್ಲೇ ಹಾಳು.

ಎರಡನೇ ಸಲ ಮಾಡಿದಾಗ ಪರದೆ ತುಂಬ ಬಿಳಿ. ಸುಣ್ಣ ಬಳಿದ ಗೋಡೆ, ಮೇಲೆ ಉರಿಯುವ ಟ್ಯೂಬ್‌ಲೈಟು. ತಿಪ್ಪೇಶ ಆ ಬೆಳಕಿನಲ್ಲಿ ಕರಗಿಹೋದಂತೆ ಕೂತಿದ್ದ.

"ಅವ್ವಾ, ಕಂಬಳಿ ಎಲ್ಲಿ?"

ಉತ್ತರ ಕೊಟ್ಟವರು ದೊಡ್ಡಪ್ಪ. "ಕಂಬಳೀನ ಯಾರಾದ್ರೂ ಗ್ವಾಡಿಗೆ ಹೊಡೀತಾರೇನವ್ವ? ಬೀಗರು ಬಂದವ್ರೆ, ಹಾಸಿ ಕುಂದ್ರಿಸ್ಬೇಕು ತಾನೆ?"

ಅದೂ ಸರಿಯೇ. ಕುರುಬರ ಮನೆಯಲ್ಲಿ ಶುಭಕಾರ್ಯದ ಮಾತು ಕಂಬಳಿಯ ಮೇಲೆ ಕೂತು ಆಡುವಂಥದ್ದು. ಫಯಾಜಣ್ಣನ ವಿದ್ಯೆಯ ಮೇಲೆ ನಾಲ್ಕು ಜನ ಚಕ್ಕಂಬಕ್ಕಲ ಹಾಕಿ ಕೂತಿದ್ದರು. ಎಬ್ಬಿಸಿ ಎನ್ನಲು ಬಾಯಿ ಬರಲಿಲ್ಲ. ಹತ್ತೊಂಬತ್ತು ಪರ್ಸೆಂಟ್.

ಪರದೆಯ ಬೆಳಕನ್ನು ತೀರಾ ಕೆಳಕ್ಕೆ ಇಳಿಸಿದೆ. ಏನೂ ಕಾಣಲಿಲ್ಲ. ಶಾಲಿನೊಳಗೆ ತಲೆ ಹಾಕಿದೆ, ಸ್ವಲ್ಪ ಕಂಡಿತು. ದೀದೀ ಓಡಿ ಹೋಗಿ ತನ್ನ ದಪ್ಪ ಹೊದಿಕೆ ತಂದು ನನ್ನ ಮೇಲೆ ಮುಚ್ಚಿದಳು, ಚೆನ್ನಾಗಿ ಕಂಡಿತು. ಆದರೆ ಒಳಗಿದ್ದರೆ ನನ್ನ ಕೈ ತಿಪ್ಪೇಶನಿಗೆ ಕಾಣುವುದಿಲ್ಲ. ಹೀಗಾಗಿ ಅವನ ಮಾತು ನೋಡಲು ಒಳಗೆ, ನನ್ನ ಮಾತು ಹೇಳಲು ಹೊರಗೆ. ಮಂಕರಿ ಕೆಳಗಿನ ಕೋಳಿಯ ಹಾಗೆ ಇಣುಕಿ ಇಣುಕಿ ನಾನು ಆ ಮಾತುಕತೆ ನಡೆಸಿದೆ. ದೀದೀ ಹೊದಿಕೆಯ ಅಂಚು ಹಿಡಿದು ಎತ್ತುವುದು, ಇಳಿಸುವುದು ಮಾಡುತ್ತಿದ್ದಳು. ಎರಡು ಸಲದಲ್ಲಿ ಅವಳಿಗೆ ಲಯ ಸಿಕ್ಕಿತು.

ಸೋದರಮಾವ ಕುರಿಗಳ ಬಗ್ಗೆ ಕೇಳಿದ. ತಿಪ್ಪೇಶ ಹೇಳಿದ, ನಾನು ಹೇಳಿದೆ. ಮರಿ ಎಷ್ಟು, ಕಾಯಿಲೆ ಬಂದರೆ ಯಾರು ನೋಡುತ್ತಾರೆ, ಬೈಕು ಓಡಿಸುತ್ತಾನಾ. ಹದಿಮೂರು ಪರ್ಸೆಂಟ್. ದೊಡ್ಡಪ್ಪ ನಡುವೆ ನಡುವೆ ತಾವೇ ಉತ್ತರ ಕೊಡುತ್ತಿದ್ದರು, ನಾನು ಹೊದಿಕೆಯೊಳಗಿಂದ "ದೊಡ್ಡಪ್ಪಾ!" ಎಂದು ಕೂಗುತ್ತಿದ್ದೆ. ಒಂಬತ್ತು.

ಆಗ ಒಂದು ಹೆಣ್ಣು ದನಿ ಕೇಳಿಸಿತು. ಮುಖ ಕಾಣಲಿಲ್ಲ, ಪರದೆಯ ಅಂಚಿನಲ್ಲಿ ಹಸಿರು ಬಳೆಯ ಕೈ ಮಾತ್ರ.

"ಅಕ್ಕಾ, ನಂದೊಂದು ಐತೆ. ಅವ್ರಿಗೆ ಇಷ್ಟ ಐತಾ, ಇಲ್ಲಾ ಮನೇರು ಹೇಳಿದ್ಕೆ ಕುಂತವ್ರಾ, ಅದನ್ನ ಅವ್ರನ್ನೇ ಕೇಳಿ ಹೇಳ್ರಿ."

"ಇಷ್ಟ ಇಲ್ದೇನೇ ಕುಂತವ್ನೇನಮ್ಮ, ಹೂಂ ಅಂತಾನೆ ಬಿಡು" ಎಂದರು ದೊಡ್ಡಪ್ಪ.

ನಾನು ಹೊದಿಕೆಯಿಂದ ಹೊರಬಂದು ತಿಪ್ಪೇಶನನ್ನು ಕೇಳಿದೆ. ಪ್ರಶ್ನೆಯನ್ನು ಒಂದಕ್ಷರ ಬಿಡದೆ, ಸೇರಿಸದೆ ಕೈಗೆ ತಂದೆ: ನೀನು. ನಿನ್ನ ಎದೆ. ಬೇಕಾ? ಇಲ್ಲವೇ ಅವ್ವ, ದೊಡ್ಡಪ್ಪ, ನಾನು ತಳ್ಳಿದ್ದಾ? ಆಮೇಲೆ ಒಳಗೆ ಹೋಗಿ ಕಾದೆ. ಐದು ಪರ್ಸೆಂಟ್.

ಅವನು ಫೋನಿನ ಹತ್ತಿರ ಸರಿದ. ಆ ಬಿಳಿ ಬೆಳಕಿನಲ್ಲೂ ಅವನ ಕೈ ನನಗೆ ಸ್ಪಷ್ಟವಾಗಿ ಕಂಡಿತು. ಕತ್ತರಿ ಮಾಡಿ ತೋರಿಸಿದ. ಅಂದರೆ ನಾನು. ಆಮೇಲೆ ಬಾಯಿಯಿಂದ ಎದುರಿನವರ ಕಡೆಗೆ ಬೆರಳು ಒಯ್ದ. ಅಂದರೆ ನಾನು ಹೇಳುವುದು. ಆಮೇಲೆ ಅಂಗೈಯನ್ನು ಅಡ್ಡ ಹಿಡಿದು ಒಮ್ಮೆ ಆಡಿಸಿದ.

ಬೇಡ.

ನೀನು ಹೇಳಬೇಡ ಅಕ್ಕ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಬಹಳ ವರ್ಷದಿಂದ ಹೇಳಬೇಕೆಂದಿದ್ದನ್ನು ಹೇಳಿ ಮುಗಿಸಿದವನ ಹಾಗಿದ್ದ.

"ಏನಂತವ್ನೆ?" ಎಂದು ದೊಡ್ಡಪ್ಪ ಕೇಳಿದರು. ಎಲ್ಲರೂ ಫೋನಿನ ಕಡೆ ತಿರುಗಿದರು.

ನಾಲ್ಕು ಪರ್ಸೆಂಟ್ ಇತ್ತು. ಬೇಕಾದಷ್ಟಾಯಿತು. ಆ ಹುಡುಗಿಗೆ, "ನೀನೇ ಅವನ ಮುಂದೆ ಕುಂತು ಕೇಳವ್ವ. ನನ್ನ ಕೈ ನೋಡಿದೀಯಲ್ಲ, ಹಂಗೇ ಕೇಳು" ಎಂದೆ. ಮತ್ತೆ ನಾನೇ ಕೆಂಪು ಗುಂಡಿ ಒತ್ತಿ ಕಾಲ್ ಮುಗಿಸಿದೆ. ದೀದೀ ಹೊದಿಕೆ ಎತ್ತಿ ನೋಡಿದಳು. ನಾನು ಅಳುತ್ತಿದ್ದೆ. ಅವಳು ಹೊದಿಕೆಯನ್ನು ಮತ್ತೆ ಮೇಲೆ ಇಳಿಸಿದಳು.

ಜೋಮ್ಸೋಮ್

ಮರುದಿನ ಬೆಳಗ್ಗೆ ಜೋಮ್ಸೋಮ್‌ಗೆ ಇಳಿದೆವು. ಅಲ್ಲಿ ಕರೆಂಟು ಇತ್ತು. ಒಂದು ಬೇಕರಿಯವನು ಗೋಡೆಯ ಪ್ಲಗ್ ತೋರಿಸಿ ಕೂರಲು ಸ್ಟೂಲು ಕೊಟ್ಟ. ಫೋನು ಜೀವ ಹಿಡಿಯುವ ತನಕ ನಾನು ಕಾಲು ಕುಣಿಸುತ್ತ ಕೂತಿದ್ದೆ. ಕಳೆದ ಇಡೀ ದಿನ ತಮ್ಮನ ಬದುಕಿನಲ್ಲಿ ಏನಾಯಿತೆಂದು ನನಗೆ ಗೊತ್ತಿರಲಿಲ್ಲ. ಅವನು ಹಾಸ್ಟೆಲ್ ಬಿಟ್ಟು ಬಂದ ಮೇಲೆ ಅಂಥ ದಿನ ಅದೇ ಮೊದಲು.

ಕಾಲ್ ತೆಗೆದವಳು ಅವ್ವ. ಅವಳ ದನಿ ಕೇಳಿದ ಕೂಡಲೇ ಅರ್ಧ ಭಾರ ಇಳಿಯಿತು.

"ಊಟ ಮಾಡ್ಕಂಡೇ ಹೋದ್ರು ಕಣೇ!"

ಹೆಣ್ಣಿನ ಕಡೆಯವರು ಮನೆ ನೋಡಲು ಬಂದಾಗ ಮನಸ್ಸು ಒಪ್ಪದೆ ಎಲೆಯ ಮುಂದೆ ಕೂರುವುದಿಲ್ಲ. ಹೋಳಿಗೆ ಉಂಡರೆ ಒಪ್ಪಿಗೆಯಾಯಿತೆಂದೇ ಲೆಕ್ಕ. ಅವ್ವ ಒಂದೇ ಉಸಿರಿಗೆ ಹೇಳಿದಳು. ಫೋನು ಕಟ್ಟಾದ ಮೇಲೆ ಸುಮಾ ಎದ್ದು ಬಂದು ತಿಪ್ಪೇಶನ ಎದುರು ಕೂತಳಂತೆ. ಕೈಯಲ್ಲಿ ಕೇಳಿದಳಂತೆ, ತಪ್ಪು ತಪ್ಪಾಗಿ. ಅವನು ನಕ್ಕು ತಿದ್ದಿದನಂತೆ. ಮತ್ತೆ ಕೇಳಿದಳಂತೆ. ಹಿರಿಯರೆಲ್ಲ ಕಂಬಳಿಯ ಮೇಲೆ ಸುಮ್ಮನೆ ಕೂತು ನೋಡಿದರಂತೆ. ದೊಡ್ಡಪ್ಪ ಎರಡು ಸಲ ಕೆಮ್ಮಿದರಂತೆ, ಯಾರೂ ತಿರುಗಿ ನೋಡಲಿಲ್ಲವಂತೆ. ಚಹ ಆರಿ ಎರಡನೇ ಸಲ ಕಾಯಿಸಿದ್ದಾಯಿತಂತೆ.

"ಏನ್ ಮಾತಾಡಿದ್ರು ಅವ್ವ?"

"ನಂಗೇನ್ ಗೊತ್ತಾಗ್ತೈತೆ? ಅವ್ನನ್ನೇ ಕೇಳು, ತಗ."

ತಿಪ್ಪೇಶ ಬಂದ. ತಲೆ ಬಾಚಿಕೊಂಡಿದ್ದ, ಶುಕ್ರವಾರ ಬೆಳಗ್ಗೆ ಕುರಿ ಹೊಡೆದುಕೊಂಡು ಹೋಗುವವನು ತಲೆ ಬಾಚುವುದನ್ನು ನಾನು ಕಂಡಿರಲಿಲ್ಲ. ಏನು ಕೇಳಿದಳು, ಏನು ಹೇಳಿದೆ ಎಂದೆ. ಅವನು ಕೈಯಾಡಿಸತೊಡಗಿದ. ಕುರಿಯ ಬಗ್ಗೆ ಏನೋ, ನಮ್ಮ ಮನೆಯ ಬಗ್ಗೆ ಏನೋ, ಮಳೆ ಬಿದ್ದ ಮೇಲೆ ಮದುವೆ. ನಡುವೆ ನಡುವೆ ಒಂದು ಸನ್ನೆ ಬರುತ್ತಿತ್ತು. ಬಲಗೈಯ ಬೆರಳುಗಳನ್ನು ಎಡ ಮಣಿಕಟ್ಟಿನ ಮೇಲೆ ಇಟ್ಟು ಮೆಲ್ಲಗೆ ಮೇಲಕ್ಕೆ ಸರಿಸುವುದು.

ಅದು ನನಗೆ ಗೊತ್ತಿರಲಿಲ್ಲ. ಅವನ ಕೈಯ ಒಂದೊಂದು ಮಾತೂ ನಾನು ಹೊಲಿದು ಕೊಟ್ಟದ್ದೆಂದು ತಿಳಿದಿದ್ದೆ. ಇಷ್ಟು ವರ್ಷದಲ್ಲಿ ಅವನ ಕೈಯಿಂದ ನನಗೆ ಅರ್ಥವಾಗದ ಮಾತು ಬಂದದ್ದು ಅದೇ ಮೊದಲು.

ಏನದು ಎಂದು ಕೇಳಿದೆ. ಅವನು ನಾಚಿದ. ಮತ್ತೆ ಮಾಡಿದ. ನನಗೆ ತಿಳಿಯಲಿಲ್ಲ. ಹಿಂದಿನಿಂದ ಅವ್ವ ನಗುತ್ತ ಹೇಳಿದಳು, "ಆ ಹುಡುಗಿ ಕಣೇ. ಮಾತಾಡೋವಾಗೆಲ್ಲ ಬಳೆ ಮ್ಯಾಕೆ ಸರಿಸ್ಕಂತಾಳೆ. ನಿನ್ನೆಯಿಂದ ಅದೇ ಅವಳ ಹೆಸ್ರು."

ಬೇಕರಿಯ ಬಾಗಿಲಲ್ಲಿ ಗಾಳಿ ಶುರುವಾಗಿತ್ತು. ಜಯಕ್ಕ ಸೀನುತ್ತ, ಜೀಪು ಹೊರಡುತ್ತದೆಂದು ಕರೆಯುತ್ತಿದ್ದರು. ನಾನು ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ನಿಲ್ಲಿಸಿ, ಎರಡೂ ಕೈ ಖಾಲಿ ಮಾಡಿಕೊಂಡು, ಅವನ ಹಾಗೆಯೇ ಬೆರಳನ್ನು ಮಣಿಕಟ್ಟಿನ ಮೇಲೆ ಸರಿಸಿದೆ. ಅವನು ತಲೆಯಾಡಿಸಿದ, ಸರಿಯಾಗಿಲ್ಲ, ಇನ್ನೂ ಮೆಲ್ಲಗೆ. ಇನ್ನೊಂದು ಸಲ ತೋರಿಸು ಎಂದೆ. ಅವನು ತೋರಿಸಿದ, ನಾನು ಕಲಿತೆ.